ರೆಕ್ಸಿನ್ ಬೈಂಡಿನೊಳಗಿನ ಎಂಬಿಎ

"ತುಮಕೂರಾ? ಬೆಂಗಳೂರಿನ ಪಕ್ಕದಲ್ಲೇ ಅಲ್ವಾ, ಹುಡುಗರು ಅಲ್ಲಿಗೇ ಬರಲಿ ಬಿಡಿ." ತುಮಕೂರಿನ ಎಂಬಿಎ ಕಾಲೇಜಿನ ಹೆಸರು ಬಂದಾಗ ಪುಣೆಯ ಕಂಪನಿಗಳ ನೇಮಕಾತಿ ಮೇಜಿನ ಸುತ್ತ ಈ ಮಾತನ್ನು ಯಾರೂ ಕೆಟ್ಟ ಮನಸ್ಸಿನಿಂದ ಆಡುವುದಿಲ್ಲ. ಊರಿನವರ ಕಿವಿಗೆ ಮಾತ್ರ ಚುರ್ ಅನ್ನುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರಕ್ಕೂ ಬೆಂಗಳೂರು 60–70 ಕಿಲೋಮೀಟರ್. ಹಾಗಾಗಿ ಕಂಪನಿ ಕ್ಯಾಂಪಸ್ಸಿಗೆ ಬರುವುದಿಲ್ಲ, ಕ್ಯಾಂಪಸ್ಸೇ ಬೆಳಗಿನ ರೈಲು ಹತ್ತಿ ಪೂಲ್ ಡ್ರೈವ್‌ಗೆ, ಅಂದರೆ ಹಲವು ಕಾಲೇಜುಗಳ ಹುಡುಗರನ್ನು ಒಂದೇ ಕಡೆ ಸೇರಿಸಿ ನಡೆಸುವ ಸಂದರ್ಶನಕ್ಕೆ, ಹೋಗುತ್ತದೆ.

ಕಂಪನಿಯ ಲೆಕ್ಕ ಬಹಳ ಒಣ. ಸೀಸನ್‌ಗೆ ಮುಂಚೆ ಎಚ್‌ಆರ್‌ನವರು ಎಕ್ಸೆಲ್ ಹಾಳೆ ತೆರೆಯುತ್ತಾರೆ: ಈ ಕಾಲೇಜಿಗೆ ಹಿಂದಿನ ವರ್ಷಗಳಲ್ಲಿ ಎಷ್ಟು ಆಫರ್ ಕೊಟ್ಟೆವು, ಎಷ್ಟು ಜನ ಸೇರಿದರು, ವರ್ಷ ತುಂಬುವಾಗ ಎಷ್ಟು ಜನ ಉಳಿದರು. 60 ಜನರ ಬ್ಯಾಚ್ ಅಂತಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ 60, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ಪೇಪರ್) ಇರಬಾರದು ಎಂಬ ಜರಡಿ ಹಿಡಿದರೆ ಅರ್ಧ ಉದುರಿತು. ಸೇಲ್ಸ್ ಒಲ್ಲೆ ಅನ್ನುವವರು, ಬೆಂಗಳೂರು ಬಿಟ್ಟು ಆಚೆ ಹೋಗಲ್ಲ ಅನ್ನುವವರು ಹೋದರೆ ಉಳಿಯುವುದು ಹನ್ನೆರಡೋ ಹದಿನೈದೋ. ಅಷ್ಟಕ್ಕೆ ಇಬ್ಬರು ಮ್ಯಾನೇಜರ್‌ಗಳ ಒಂದು ದಿನ ಯಾರೂ ಖರ್ಚು ಮಾಡುವುದಿಲ್ಲ. ಇನ್ನು ಎಂಬಿಎ ಸೀಟಿಗೆ ನಮ್ಮ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ ಪಿಜಿಸಿಇಟಿಯ ರ‍್ಯಾಂಕ್ ಮಹಾರಾಷ್ಟ್ರದವರಿಗೆ ಅರ್ಥವೇ ಆಗುವುದಿಲ್ಲ, ಅವರ ಸಿಇಟಿ ಮಾತಾಡುವುದು ಪರ್ಸೆಂಟೈಲ್‌ನಲ್ಲಿ, ಅಂದರೆ ಶೇಕಡಾ ಎಷ್ಟು ಜನ ನಮಗಿಂತ ಕೆಳಗಿದ್ದಾರೆ ಎಂಬ ಲೆಕ್ಕದಲ್ಲಿ. ಎಷ್ಟು ಸಾವಿರ ಜನರಲ್ಲಿ ಈ ರ‍್ಯಾಂಕ್ ಎಂದು ರೆಸ್ಯೂಮೆಯಲ್ಲಿ ಪಕ್ಕಕ್ಕೆ ಬರೆದರೆ ಸಾಕು.

ಜರಡಿ ದಾಟಿದ ಮೇಲೆ ಕಾಲೇಜಿನ ಮರ್ಯಾದೆ ಇರುವುದು ಪ್ರಾಜೆಕ್ಟಿನಲ್ಲಿ. ಪುಣೆ, ಮುಂಬೈಯ ಒಳ್ಳೆಯ ಕಾಲೇಜುಗಳಲ್ಲಿ ಮೊದಲ ವರ್ಷ ಮುಗಿದ ಬೇಸಿಗೆಯಲ್ಲಿ ಎಂಟು ವಾರ ಕಂಪನಿಯೊಳಗೇ ಕೆಲಸ. ನಡುವೆ ಒಂದು ರಿವ್ಯೂ, ಕೊನೆಗೆ ಇಲಾಖೆಯ ಮುಖ್ಯಸ್ಥರ ಮುಂದೆ ಪ್ರೆಸೆಂಟೇಷನ್, ಗಟ್ಟಿ ಇದ್ದವರಿಗೆ ಅಲ್ಲೇ ಪಿಪಿಒ, ಅಂದರೆ ಓದು ಮುಗಿಯುವ ಮುಂಚೆಯೇ ಕೆಲಸದ ಆಫರ್. ಕಂಪನಿ ಕಾಲೇಜನ್ನು ತೂಗುವುದು ಈ ಎಂಟು ವಾರದಲ್ಲಿ, ಇಂಟರ್‌ವ್ಯೂನ ಇಪ್ಪತ್ತು ನಿಮಿಷದಲ್ಲಲ್ಲ.

ನಮ್ಮಲ್ಲಿ ಪ್ರಾಜೆಕ್ಟ್ ಅಂದರೆ ಪುಸ್ತಕ. ಮರೂನ್ ರೆಕ್ಸಿನ್, ಚಿನ್ನದ ಅಕ್ಷರ, 'ಎ ಸ್ಟಡಿ ಆನ್ ಕಸ್ಟಮರ್ ಸ್ಯಾಟಿಸ್ಫ್ಯಾಕ್ಷನ್', ಯಾವುದೋ ಬೈಕ್ ಶೋರೂಮಿನದು. ಸ್ಯಾಂಪಲ್ 100. ಯಾಕೆ 100? ಶೇಕಡಾ ಹಾಕುವುದು ಸುಲಭ. ಗೂಗಲ್ ಫಾರ್ಮ್ ತುಂಬಿದವರೆಲ್ಲ ಕ್ಲಾಸ್‌ಮೇಟ್‌ಗಳು, ಹಾಗಾಗಿ ಗ್ರಾಹಕರೆಲ್ಲ 18ರಿಂದ 25ರ ವಯಸ್ಸಿನವರು! ಕೊನೆಯ ಅಧ್ಯಾಯದಲ್ಲಿ ಕಂಪನಿ ಜಾಹೀರಾತು ಹೆಚ್ಚಿಸಬೇಕೆಂಬ ಸಲಹೆ. ಸಂದರ್ಶಕರು ವಯಸ್ಸಿನ ಟೇಬಲ್ ಒಂದನ್ನೇ ನೋಡಿ "ಈ 100 ಜನ ಯಾರು?" ಅಂತ ಕೇಳುತ್ತಾರೆ. ಅಲ್ಲಿಗೆ ಮುಗಿಯಿತು.

ಸಿಟ್ಟು ಬರುವುದು ಯಾಕೆಂದರೆ, ಸರಕು ಊರಲ್ಲೇ ಬಿದ್ದಿದೆ. ತಿಪಟೂರು ಸೀಮೆಯಲ್ಲಿ ಅಟ್ಟದ ಮೇಲೆ ಹತ್ತು–ಹನ್ನೊಂದು ತಿಂಗಳು ಒಣಗಿದ ಉಂಡೆ ಕೊಬ್ಬರಿಯನ್ನು ರೈತ ಬೆಂಬಲ ಬೆಲೆಗೆ ಕಾಯುತ್ತಾನೋ, ಸಾಲದ ಬಡ್ಡಿ ನೋಡಿ ಹರಾಜಿಗೆ ಇಳಿಸುತ್ತಾನೋ? ಇದಕ್ಕಿಂತ ಒಳ್ಳೆಯ ವರ್ಕಿಂಗ್ ಕ್ಯಾಪಿಟಲ್ (ದಿನನಿತ್ಯದ ವ್ಯವಹಾರಕ್ಕೆ ಬೇಕಾದ ದುಡ್ಡು) ಪಾಠ ಯಾವ ಕೇಸ್ ಸ್ಟಡಿಯಲ್ಲಿದೆ? ಕೋಲಾರದ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2023ರ ಜುಲೈನಲ್ಲಿ 2,000 ರೂಪಾಯಿ ದಾಟಿತ್ತು. ಬೇರೆ ವರ್ಷ ಅದೇ ಬಾಕ್ಸಿಗೆ ಕೀಳುವ ಕೂಲಿಯೂ ಹುಟ್ಟುವುದಿಲ್ಲ. ಹರಾಜಿನ ಕಟ್ಟೆ ಮೇಲೆ ಕೂತು ದಿನಕ್ಕೆ ಐದು ಲಾಟ್ ಬರೆದುಕೊಳ್ಳಿ: ಹರಾಜಿನ ದರ, ಕೀಳುವ ಕೂಲಿ, ಬಾಕ್ಸ್ ಬಾಡಿಗೆ, ಹಮಾಲಿ, ಕಮಿಷನ್, ಲಾರಿ, ಕೊಳೆತದ್ದು. ವಾರಕ್ಕೆ ಆರು ದಿನದಂತೆ ಎಂಟು ವಾರಕ್ಕೆ 240 ಸಾಲು. ಇದರ ಮೇಲೆ ಒಂದು ಪಿವೋಟ್ ಟೇಬಲ್ (ಸಾಲುಗಳನ್ನು ಒಟ್ಟುಗೂಡಿಸಿ ತೋರಿಸುವ ಎಕ್ಸೆಲ್ ಕೋಷ್ಟಕ) ಹಾಕಿ ತೋರಿಸಿದರೆ ಯಾವ ಸೇಲ್ಸ್ ಹೆಡ್ ಆದರೂ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾನೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ, ನರಸಾಪುರದ ಕಾರ್ಖಾನೆಗಳ ಸ್ಟೋರ್ಸ್ ಇನ್ನೂ ಬಾಕಿ.

ಹೇಳಲೇಬೇಕು ಅಂದರೆ, ಪುಣೆಯ ಗಲ್ಲಿ ಕಾಲೇಜುಗಳಲ್ಲೂ ಇದೇ ರೆಕ್ಸಿನ್. ಅಲ್ಲಿನ 'ಸಮ್ಮರ್', ಅಂದರೆ ಆ ಬೇಸಿಗೆ ಪ್ರಾಜೆಕ್ಟ್, ಎಷ್ಟೋ ಸಲ ಸಂಬಳವಿಲ್ಲದೆ ಇನ್ಶೂರೆನ್ಸ್ ಮಾರುವ ಕೆಲಸ. ಸಣ್ಣ ಊರಿನ ಹುಡುಗರು ಬೇಗ ಬಿಟ್ಟು ಹೋಗಲ್ಲ ಎಂಬ ಮಾತೂ ನೇಮಕಾತಿ ಮಾಡುವವರ ಬಾಯಲ್ಲಿ ಆಗಾಗ ಬರುತ್ತದೆ. ಎಕ್ಸೆಲ್‌ನ ಮೂರನೇ ಕಾಲಂ ಅದೇ ತಾನೆ. ಹುಡುಗರು ಶೋರೂಮಿಗೇ ಹೋಗುವುದಕ್ಕೂ ಕಾರಣವಿದೆ. ಕಾಲೇಜು ಕೇಳುವುದು ಲೆಟರ್‌ಹೆಡ್ ಮೇಲೆ ಸೀಲು ಒತ್ತಿದ ಸರ್ಟಿಫಿಕೇಟು. ಮಂಡಿ ಸಾಹುಕಾರರ ಹತ್ತಿರ ಇರುವುದು ಚೀಟಿ. ಆದರೆ ಎಪಿಎಂಸಿ ಕಾರ್ಯದರ್ಶಿಯ ಮೇಜಿನ ಮೇಲೆ ಲೆಟರ್‌ಹೆಡ್ಡೂ ಇದೆ, ಸೀಲೂ ಇದೆ. ಅರ್ಜಿ ಎರಡು ತಿಂಗಳು ಮುಂಚೆ ಹೋಗಬೇಕು, ಬೈಂಡಿಂಗ್ ಅಂಗಡಿ ಮುಂದೆ ಸಾಲು ನಿಂತ ಮೇಲಲ್ಲ.