ಆ ‘ಡಾಕ್ಟರ್’ ಡಾಕ್ಟರೇ ಅಲ್ಲ
ಗರ್ಭಪಾತ ಅಪರಾಧವಾಗಿದ್ದ ಕಾಲದಲ್ಲಿ ಹೆಂಗಸರಿಗೆ ಗುಟ್ಟಾಗಿ ನೆರವಾದ ಶಿಕಾಗೋದ ‘ಜೇನ್’ ಗುಂಪಿನ ಬಗ್ಗೆ ನಿಮ್ಮ ಲೇಖನ ಓದಿದೆ. 1972ರ ಮೇ ತಿಂಗಳಲ್ಲಿ ಪೊಲೀಸರು ಏಳು ಜನರನ್ನು ಹಿಡಿದ ಕಥೆ ಚೆನ್ನಾಗಿದೆ, ಆದರೆ ಇನ್ನೂ ಮುಖ್ಯವಾದದ್ದನ್ನು ನೀವು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ ಅಲ್ವಾ? ಗರ್ಭಪಾತ ಮಾಡಿಸಲು ಈ ಗುಂಪಿನವರು ನಂಬಿದ್ದ ‘ಡಾಕ್ಟರ್’ ಡಾಕ್ಟರೇ ಆಗಿರಲಿಲ್ಲ! ಗೊತ್ತಾದಾಗ ಕೆಲವರು ಗುಂಪು ಬಿಟ್ಟರು. ಉಳಿದವರು, ಅವನಿಗೆ ಬರುವುದಾದರೆ ನಮಗೇಕೆ ಬರಲ್ಲ ಅಂತ ತಾವೇ ಕಲಿತರು, ಅದರಿಂದ 500 ಡಾಲರ್ ಆಗುತ್ತಿದ್ದ ಖರ್ಚು 100ಕ್ಕೆ ಇಳಿಯಿತು, ಇಲ್ಲದವರು ಕೈಲಾದಷ್ಟು ಕೊಟ್ಟರೂ ನಡೆಯುತ್ತಿತ್ತು. ಹೀಗೆ ಗುಂಪು ಒಟ್ಟು ಸುಮಾರು 11,000 ಹೆಂಗಸರಿಗೆ ನೆರವಾಯಿತು. ಸಿಕ್ಕಿಬಿದ್ದವರು ಪೊಲೀಸ್ ವ್ಯಾನಲ್ಲಿ, ನೆರವು ಕೇಳಿದ್ದ ಹೆಂಗಸರ ಹೆಸರು, ವಿಳಾಸ ಇದ್ದ ಕಾರ್ಡುಗಳನ್ನು ಹರಿದು ನುಂಗಿದರಂತೆ. ನಗುವೂ ಬಂತು, ಗಂಟಲೂ ಕಟ್ಟಿತು. 1973ರ ಜನವರಿಯಲ್ಲಿ ಗರ್ಭಪಾತ ಹೆಂಗಸರ ಹಕ್ಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಕೇಸು ಬಿದ್ದುಹೋಯಿತು.