ಎರಡು ಬಾಗಿಲು, ಒಂದೇ ಹ್ಯಾಂಡಲ್

ಹಳೇ ಗಾಡಿಗಳಲ್ಲಿ ಎರಡು ಜಾತಿ. ಮೈಯೆಲ್ಲ ಪಾಲಿಶ್ ಹಚ್ಚಿಸಿಕೊಂಡು ಭಾನುವಾರ ಮಾತ್ರ ಹೊರಗೆ ಬರುವುದು ಒಂದು. ವಯಸ್ಸಾಗಿದೆ ಅನ್ನೋದನ್ನು ಯಾರೂ ಹೇಳದೇ ಇದ್ದದ್ದಕ್ಕೆ ಇನ್ನೂ ದುಡಿಯುತ್ತಿರುವುದು ಇನ್ನೊಂದು.

ಮೊನ್ನೆ ಮಳೆಯಲ್ಲಿ ನನ್ನ ಹೊಸ ಕಾರು ಯಾವುದೋ ಸೆನ್ಸರ್ ಮುನಿಸಿಕೊಂಡಿತು ಅಂತ ದಾರಿ ಮಧ್ಯೆ ನಿಂತುಬಿಟ್ಟಿತು. ಆಗ ಪಕ್ಕದಲ್ಲಿ ಬಂದು ನಿಂತದ್ದು ಎರಡನೇ ಜಾತಿಯ ಶೆವ್ರೊಲೆ ಪಿಕಪ್. ಬಾನೆಟ್ ಹಸಿರು, ಒಂದು ಬಾಗಿಲು ನೀಲಿ, ಮಿಕ್ಕಿದ್ದೆಲ್ಲ ತುಕ್ಕು. ಹಿಂದೆ ಸಿಮೆಂಟ್ ಮೂಟೆ, ಮೇಲೊಂದು ಹರಕು ಟಾರ್ಪಾಲು. 1947ರಿಂದ 1955ರವರೆಗೆ ಬಂದ ಮಾದರಿ ಇದು. ಮುಂದಿನ ಗಾಜಿನ ಮಧ್ಯೆ ಕಡ್ಡಿ ಇತ್ತು. 1954ರಲ್ಲಿ ಅದನ್ನು ತೆಗೆದು ಒಂದೇ ಗಾಜು ಹಾಕಿದರು. ಅಂದರೆ ಗಾಡಿ ನನಗಿಂತ ಹಿರಿಯದು. ಬಹುವಚನದಲ್ಲೇ ಮಾತಾಡಿಸಬೇಕು!

“ಹತ್ತಿ ಸಾರ್, ಬಿಡ್ತೀನಿ” ಅಂದರು ಯಜಮಾನರು. ತಾವೇ ಇಳಿದು ಬಂದು ಬಾಗಿಲು ತೆಗೆದರು. ಎಂಥ ಮರ್ಯಾದೆ ಅಂದುಕೊಂಡೆ.

ಕೀ ತಿರುಗಿಸಿ, ನೆಲದಲ್ಲಿದ್ದ ಗುಬುಟನ್ನು ಕಾಲಲ್ಲಿ ಒತ್ತಿದರು. ಇಂಜಿನ್ ಒಂದು ಸಲ ಕೆಮ್ಮಿ ಎದ್ದಿತು. ಬೆನ್ನ ಹಿಂದೆ ಏನೋ ಗುಳುಗುಳು ಅಂತಿತ್ತು. “ಪೆಟ್ರೋಲ್ ಟ್ಯಾಂಕು ಸಾರ್, ಸೀಟಿನ ಹಿಂದೇನೇ ಇರೋದು. ಸದ್ದು ನಿಂತ್ರೆ ಬಂಕಿಗೆ ಹೋಗೋದು.” ಮೀಟರ್ ಕೆಟ್ಟು ಎಷ್ಟು ವರ್ಷವಾಯಿತು ಅಂತ ಕೇಳಲು ಧೈರ್ಯ ಬರಲಿಲ್ಲ. ಸಿಗರೇಟು ಸೇದೋರಲ್ಲ ತಾನೇ ಅಂತ ಮಾತ್ರ ಕೇಳಿದೆ.

ಏರು ಬಂತು. ವೈಪರ್ ನಿಂತುಹೋಯಿತು. ಈ ಗಾಡಿಗಳ ವೈಪರ್‌ಗೆ ಕರೆಂಟಿನ ಮೋಟರ್ ಇಲ್ಲ, ಇಂಜಿನ್ ಗಾಳಿ ಎಳೆದುಕೊಳ್ಳುವ ಬಲದಲ್ಲೇ ಆಡುತ್ತದೆ. ಆಕ್ಸಿಲೇಟರ್ ಜೋರಾಗಿ ಒತ್ತಿದರೆ ಆ ಎಳೆತ ಕಮ್ಮಿಯಾಗಿ ವೈಪರ್ ಮಲಗುತ್ತದೆ. ಕಾಲು ತೆಗೆದರೆ ಎದ್ದು ಪಟಪಟ ಒರೆಸುತ್ತದೆ. ಹಾಗಾಗಿ ಗಾಡಿ ಹೋಗುವಾಗ ರಸ್ತೆ ಕಾಣಲ್ಲ, ರಸ್ತೆ ಕಾಣುವಾಗ ಗಾಡಿ ಹೋಗಲ್ಲ. ಯಜಮಾನರು ಎರಡನ್ನೂ ಸರದಿಯಲ್ಲಿ ಮಾಡುತ್ತಾ ಮಗಳ ಮದುವೆ ವಿಷಯ ಹೇಳುತ್ತಿದ್ದರು. ನಾನು ಹ್ಞೂಂ ಅನ್ನುತ್ತಾ ಡ್ಯಾಶ್‌ಬೋರ್ಡ್ ಹಿಡಿದುಕೊಂಡಿದ್ದೆ. ಸೀಟ್ ಬೆಲ್ಟ್ ಇದ್ದಿದ್ದರೆ ಅದನ್ನು ಹಿಡಿದುಕೊಳ್ಳುತ್ತಿದ್ದೆ.

ಅಂತೂ ತಲುಪಿದೆವು. ಮೂಟೆ ಇಳಿಸಲು ಅವರು ಆ ಕಡೆಯಿಂದ ಇಳಿದುಹೋದರು. ನಾನು ಈ ಕಡೆ ಬಾಗಿಲಿಗೆ ಕೈ ಹಾಕಿದರೆ ಹ್ಯಾಂಡಲ್ಲೇ ಇಲ್ಲ. ಮೊದಲು ಸಿಕ್ಕ ಮರ್ಯಾದೆಯ ಕಾರಣ ಆಗ ಗೊತ್ತಾಯಿತು. ಸರಿ, ಗಾಜು ಇಳಿಸಿ ಹೊರಗಿನಿಂದ ತೆಗೆಯೋಣ ಅಂದರೆ ಗಾಜು ಇಳಿಸುವ ಹ್ಯಾಂಡಲೂ ಇಲ್ಲ. ಎರಡೂ ಬಾಗಿಲಿಗೆ ಸೇರಿ ಇದ್ದದ್ದು ಒಂದೇ, ಅದು ಯಜಮಾನರ ಜೇಬಿನಲ್ಲಿತ್ತು. ಅವರ ಕಡೆಯಿಂದ ಇಳಿಯೋಣ ಅಂದರೆ ಗೇರ್ ಮೇಲೆ ಚೀಲ, ಚೀಲದ ಮೇಲೆ ಗುದ್ದಲಿ, ಪಿಕಾಸಿ.

ಅಷ್ಟರಲ್ಲಿ ಛತ್ರಿ ಹಿಡಿದ ಹುಡುಗನೊಬ್ಬ ಬಂದು ಗಾಡಿಯನ್ನು ಸುತ್ತ ನೋಡಿದ. ಗಾಜು ತಟ್ಟಿ, “ಅಂಕಲ್, ಮಾರ್ತೀರಾ?” ಅಂತ ಕೇಳಿದ.

“ಬಾಗಿಲು ತೆಗಿಯಪ್ಪಾ!” ಅಂತ ಕೂಗಿದೆ.

ಅವನಿಗೆ ಏನು ಕೇಳಿಸಿತೋ, “ಅಯ್ಯೋ, ಅಷ್ಟೊಂದಾ?” ಅಂದು ಹೊರಟೇ ಹೋದ.