ಎಂಟು ಲಕ್ಷಕ್ಕೊಬ್ಬ ಅಟೆಂಡರ್

ಥಾಯ್ಲೆಂಡಿನಲ್ಲಿ ನಿಜವಾಗಿ ವಾಸ ಮಾಡುತ್ತಿರುವುದು ನಾನಲ್ಲ, ನನ್ನ ಎಂಟು ಲಕ್ಷ ಬಾತ್, ಅಂದರೆ ಇಲ್ಲಿನ ರೂಪಾಯಿ. ಏಸಿ ಹಾಕಿದ ಬ್ಯಾಂಕಿನಲ್ಲಿ ಅದು ಕಾಲು ಚಾಚಿ ಮಲಗಿದೆ. ಅದರ ಯೋಗಕ್ಷೇಮ ನೋಡಿಕೊಳ್ಳಲಿ ಅಂತ ನನ್ನನ್ನೂ ಇಲ್ಲಿ ಇಟ್ಟುಕೊಂಡಿದ್ದಾರೆ, ಅಷ್ಟೇ. ಅದರ ಮೈ ಒಂಚೂರು ಇಳಿದರೂ ಗಂಟುಮೂಟೆ ಕಟ್ಟಬೇಕಾದವನು ನಾನು. ದುಡ್ಡು ಆರಾಮಾಗಿ ಇಲ್ಲೇ ಇರಬಹುದು.

ಐವತ್ತು ತುಂಬಿದವರನ್ನು ನಿವೃತ್ತಿಯ ಹೆಸರಲ್ಲಿ ಒಂದೊಂದೇ ವರ್ಷ ಇರಲು ಬಿಡುತ್ತಾರೆ. ಥಾಯ್ ಬ್ಯಾಂಕಿನಲ್ಲಿ 8,00,000 ಬಾತ್ ಇರಬೇಕು. ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ಇರಬೇಕು. ಎರಡೂ ಅರ್ಧಂಬರ್ಧ ಇದ್ದರೆ ವರ್ಷದ ಆದಾಯ, ಬ್ಯಾಂಕಿನ ದುಡ್ಡು ಎರಡೂ ಸೇರಿ ಎಂಟು ಲಕ್ಷ ಮುಟ್ಟಿದರೂ ಆಯ್ತು. 65,000ವನ್ನು ಹನ್ನೆರಡರಿಂದ ಗುಣಿಸಿದರೆ 7,80,000 ಬರುತ್ತದೆ. ಉಳಿದ ಇಪ್ಪತ್ತು ಸಾವಿರ ಎಲ್ಲಿ ಹೋಯ್ತು ಅಂತ ನಾನು ಈವರೆಗೆ ಯಾರನ್ನೂ ಕೇಳಿಲ್ಲ. ಇಮಿಗ್ರೇಷನ್ ಕೌಂಟರಿನಲ್ಲಿ ಲೆಕ್ಕ ಮಾತಾಡುವುದು ಕ್ಷೇಮವಲ್ಲ.

ಮುಂಚೆ ಈ ದುಡ್ಡಿಗೆ ಒಂದಿಷ್ಟು ಸ್ವಾತಂತ್ರ್ಯ ಇತ್ತಂತೆ. ಪಾಸ್‌ಪೋರ್ಟಿಗೆ ವರ್ಷದ ಅನುಮತಿಯ ಸೀಲು ಬಿದ್ದ ಮೇಲೆ ಖರ್ಚು ಮಾಡಬಹುದಿತ್ತು. 2019ರಲ್ಲಿ ನಿಯಮ ಬಿಗಿಯಾಯಿತು. ಈಗ ಅರ್ಜಿ ಹಾಕುವ ಎರಡು ತಿಂಗಳು ಮುಂಚಿನಿಂದ, ಒಪ್ಪಿಗೆ ಸಿಕ್ಕ ಮೂರು ತಿಂಗಳವರೆಗೆ ಎಂಟು ಲಕ್ಷ ಅಲ್ಲಾಡಬಾರದು. ಆಮೇಲೆ ಅರ್ಧ ತೆಗೆಯಬಹುದು. ಆದರೆ ಯಾವತ್ತೂ ನಾಲ್ಕು ಲಕ್ಷಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಅಂದರೆ ನಾಲ್ಕು ಲಕ್ಷಕ್ಕೆ ವರ್ಷದಲ್ಲಿ ಏಳು ತಿಂಗಳು ಪೆರೋಲ್. ಉಳಿದ ನಾಲ್ಕು ಲಕ್ಷಕ್ಕೆ ಜೀವಾವಧಿ.

ನಮ್ಮ ಮನೆಯ ಫ್ರಿಜ್ಜಿಗೆ ಈ ಕ್ಯಾಲೆಂಡರ್ ಗೊತ್ತಿರಲಿಲ್ಲ. ಅದು ಸರಿಯಾಗಿ ಏಪ್ರಿಲ್‌ನಲ್ಲಿ ಪ್ರಾಣ ಬಿಟ್ಟಿತು. ಇಲ್ಲಿ ಏಪ್ರಿಲ್ ಅಂದರೆ ಇಡೀ ದೇಶ ಬೀದಿಗೆ ಬಂದು ಒಬ್ಬರ ಮೇಲೊಬ್ಬರು ನೀರು ಎರಚಿಕೊಳ್ಳುವಷ್ಟು ಸೆಖೆ. ಆ ತಿಂಗಳು ಕೈಯಲ್ಲಿ ಕಾಸಿರಲಿಲ್ಲ.

"ಬ್ಯಾಂಕಿನಲ್ಲಿ ಎಂಟು ಲಕ್ಷ ಇದೆಯಲ್ಲ?" ಅಂದಳು ಹೆಂಡತಿ.

"ಇದೆ. ಮುಟ್ಟೋ ಹಾಗಿಲ್ಲ."

"ಯಾರ ದುಡ್ಡು ಅದು?"

"ನಮ್ಮದೇ."

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಎದುರಿನ ದಿನಸಿ ಅಂಗಡಿ ಸೆವೆನ್ ಇಲೆವೆನ್‌ಗೆ ಹೋಗಿ ಒಂದು ಚೀಲ ಐಸ್ ತಂದಳು. ಹಾಲಿನ ಡಬ್ಬಿ ಬಕೆಟ್ಟಿನಲ್ಲಿ ತೇಲುತ್ತಿರುವುದನ್ನು ಮನೆ ಮಾಲೀಕಿ ಕಂಡರು. ಪಾಪ, ವಯಸ್ಸಾದ ಕಾಲಕ್ಕೆ ಇವರಿಗೆ ಇಂಥ ಕಷ್ಟ ಬಂತಲ್ಲ ಅಂದುಕೊಂಡರೋ ಏನೋ, ಸಂಜೆ ಮಾವಿನಹಣ್ಣು, ತೆಂಗಿನಹಾಲು ಸುರಿದ ಅಂಟು ಅನ್ನ ತಂದುಕೊಟ್ಟರು. ಲಕ್ಷಾಧಿಪತಿಗಳು ಇಬ್ಬರೂ ಕೂತು ತಟ್ಟೆ ನೆಕ್ಕಿದೆವು.

ಇಷ್ಟು ಕಾಪಾಡಿದರೂ ಕಳ್ಳಗಿಂಡಿಗಳು ಇವೆ. ಯಾವುದೋ ಒಂದು ದಿನ ಬ್ಯಾಂಕು ಕಾರ್ಡಿನ ವಾರ್ಷಿಕ ಶುಲ್ಕ ಅಂತ ಸದ್ದಿಲ್ಲದೆ ಮುರಿದುಕೊಳ್ಳುತ್ತದೆ. ಸರಿಯಾಗಿ ಎಂಟೇ ಲಕ್ಷ ಇಟ್ಟವನ ಕತೆ ಅಲ್ಲಿಗೆ ಮುಗಿಯಿತು. ಅದಕ್ಕೇ ಇಲ್ಲಿ ಪಳಗಿದವರು ಮೇಲೆ ಐದೋ ಹತ್ತೋ ಸಾವಿರ ಇಟ್ಟಿರುತ್ತಾರೆ. ಎಂಟು ಲಕ್ಷಕ್ಕೆ ಒಬ್ಬ ಬಾಡಿಗಾರ್ಡ್.

ತಿಂಗಳ ಆದಾಯದ ದಾರಿ ಹಿಡಿದವರೂ ಸುಖವಾಗಿಲ್ಲ. ಮೇಲಿನ ಮಹಡಿಯ ಅಮೆರಿಕನ್ ಮುದುಕರಿಗೆ ಮುಂಚೆ ಅವರ ರಾಯಭಾರ ಕಚೇರಿಯೇ ಆದಾಯದ ಪತ್ರ ಕೊಡುತ್ತಿತ್ತು. 2019ರ ಹೊತ್ತಿಗೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮೂರೂ ಆ ಪತ್ರ ನಿಲ್ಲಿಸಿದವು. ಈಗ ಅವರು ತಿಂಗಳು ತಿಂಗಳು ಹೊರದೇಶದಿಂದ 65,000 ಬಾತ್ ಬಂದಿದ್ದನ್ನು ಪಾಸ್‌ಬುಕ್‌ನಲ್ಲಿ ತೋರಿಸಬೇಕು. ಡಾಲರ್ ಎದುರು ಬಾತ್ ಚುರುಕಾದ ತಿಂಗಳು ಅವರ ಮುಖ ಬಾಡುತ್ತದೆ. ಎಲ್ಲರೂ ಬೆಳಿಗ್ಗೆ ಎದ್ದು ಹವಾಮಾನ ನೋಡಿದರೆ ಅವರು ವಿನಿಮಯ ದರ ನೋಡುತ್ತಾರೆ. ಕೊಡೆ ಹಿಡಿಯೋಣ ಅಂದರೆ ಅದಕ್ಕೆ ಕೊಡೆಯೂ ಇಲ್ಲ.

ಅರ್ಜಿಯ ದಿನವೇ ಬೇರೆ ಸಂಭ್ರಮ. ಬ್ಯಾಂಕಿನ ಪತ್ರ ಇದ್ದರೆ ಸಾಲದು. ಪಾಸ್‌ಬುಕ್‌ನಲ್ಲಿ ಅವತ್ತಿನ ತಾರೀಕಿನ ಒಂದು ಸಾಲು ಬೇಕು ಅನ್ನುತ್ತಾರೆ. ಸುಮ್ನೆ ಪುಸ್ತಕ ತೂರಿಸಿದರೆ ಮಷೀನು ಹೊಸದೇನೂ ಇಲ್ಲ ಅಂತ ವಾಪಸ್ ಕೊಡುತ್ತದೆ. ಹಾಗಾಗಿ ಬೆಳ್ಳಂಬೆಳಗ್ಗೆ ಠೇವಣಿ ಮಷೀನಿನ ಮುಂದೆ ನಿಂತು ನೂರು ಬಾತ್ ಹಾಕಬೇಕು. ಹೋದ ಸಲ ನನ್ನ ಕೆಂಪು ನೋಟಿನ ಒಂದು ಮೂಲೆ ಮಡಚಿತ್ತು. ಮಷೀನು ಅದನ್ನು ಒಳಗೆಳೆದುಕೊಂಡು, ಕರಕರ ಅಂತ ಯೋಚನೆ ಮಾಡಿ, ಹೊರಗೆ ಉಗುಳಿತು. ತೊಡೆಯ ಮೇಲಿಟ್ಟು ಅಂಗೈಯಲ್ಲಿ ಇಸ್ತ್ರಿ ಮಾಡಿದೆ. ಮತ್ತೆ ಉಗುಳಿತು. ಹಿಂದೆ ನಿಂತಿದ್ದ ಜರ್ಮನ್ ಅಜ್ಜ ಏನೂ ಮಾತಾಡದೆ ತನ್ನ ಫೈಲಿನಿಂದ ಗರಿಗರಿ ನೋಟೊಂದು ತೆಗೆದು ನನ್ನದಕ್ಕೆ ಬದಲಿ ಕೊಟ್ಟ. ಆ ಫೈಲಿನಲ್ಲಿ ಅಂಥ ನೋಟುಗಳದ್ದೇ ಒಂದು ಕವರ್ ಇತ್ತು. ಅನುಭವ ಅಂದರೆ ಅದು.

ಮುಂದಿನ ದೇವಸ್ಥಾನ ಜೆರಾಕ್ಸ್ ಅಂಗಡಿ. ಕಚೇರಿಯ ಪಕ್ಕದ ಆ ಅಂಗಡಿಯ ಹೆಂಗಸಿಗೆ ಗೊತ್ತಿರುವಷ್ಟು ವೀಸಾ ಕಾನೂನು ವಕೀಲರಿಗೂ ಗೊತ್ತಿರಲಿಕ್ಕಿಲ್ಲ. ನಾನು ಬಾಯಿ ತೆರೆಯುವ ಮುಂಚೆ ಪಾಸ್‌ಪೋರ್ಟ್ ಕಿತ್ತುಕೊಂಡು, ಬೇಕಾದ ಪುಟ ತಾನೇ ಹುಡುಕಿ, ಪ್ರತಿ ಮಾಡಿ, ವಾಸದ ಅವಧಿ ಮುಂದುವರಿಸುವ ಅರ್ಜಿಯಾದ ಟಿಎಂ 7 ಫಾರಂ ಮೇಲಿಟ್ಟು, ನೀಲಿ ಪೆನ್ನು ಕೈಗೆ ತುರುಕಿದಳು. ಪ್ರತಿ ಹಾಳೆಗೂ ಸಹಿ ಹಾಕಬೇಕು. ಕೊನೆಕೊನೆಗೆ ನನ್ನ ಸಹಿ ನನಗೇ ಅನುಮಾನ ಬರುವಂತಾಯಿತು. ಹುಟ್ಟಿದ ವರ್ಷ 1968 ಅಂದೆ. 2511 ಅಂತ ಬರೆದುಕೊಂಡಳು. ಇಲ್ಲಿನ ಪಂಚಾಂಗ ಬುದ್ಧನ ಲೆಕ್ಕದ್ದು, 543 ವರ್ಷ ಮುಂದಿದೆ. ನಿವೃತ್ತನಾಗಿಯೂ ನಾನಿನ್ನೂ ಹುಟ್ಟಿಯೇ ಇಲ್ಲವಲ್ಲ ಅನ್ನಿಸಿ ಒಂದು ಕ್ಷಣ ಹಾಯೆನಿಸಿತು.

ಕಚೇರಿಯವರು ಮನೆಗೆ ದಾರಿ ತೋರಿಸುವ ನಕಾಶೆಯನ್ನೂ ಕೇಳಿದರು. ಕೈಯಲ್ಲೇ ಬರೆದೆ. ಗುರುತಿಗೆ ಏನು ಹಾಕುವುದು? ಸೆವೆನ್ ಇಲೆವೆನ್ ಅಂತ ಹಾಕಿದೆ. ಅಧಿಕಾರಿಣಿ ನಕ್ಕರು. ಈ ದೇಶದಲ್ಲಿ ಅದನ್ನು ಗುರುತಾಗಿ ಕೊಟ್ಟರೆ ಯಾವ ಮನೆಗೆ ಬೇಕಾದರೂ ಹೋಗಬಹುದು. ಆದರೂ ಸೀಲು ಒತ್ತಿದರು, 1,900 ಬಾತ್ ತೆಗೆದುಕೊಂಡರು. ನನಗೊಂದು ವರ್ಷ, ದುಡ್ಡಿಗೆ ಇನ್ನೂ ಮೂರು ತಿಂಗಳ ಬಂಧನ.

ಒಂದು ವರ್ಷ ಅಂದೆನಲ್ಲ, ಅದನ್ನೂ ಪೂರ್ತಿ ನಂಬಬೇಡಿ. 90 ದಿನಕ್ಕೊಮ್ಮೆ ಹೋಗಿ, ಅಥವಾ ಆನ್‌ಲೈನ್‌ನಲ್ಲಿ, ಇನ್ನೂ ಅದೇ ವಿಳಾಸದಲ್ಲಿ ಇದ್ದೇನೆ ಸ್ವಾಮಿ ಅಂತ ತಿಳಿಸಬೇಕು. ಹದಿನೈದು ದಿನ ಮುಂಚೆ ಹೋದರೂ ಸರಿ, ಏಳು ದಿನ ತಡವಾದರೂ ಸರಿ. ಎಂಟನೇ ದಿನ ಹೋದರೆ 2,000 ಬಾತ್ ದಂಡ. ಎಲ್ಲೂ ಹೋಗದೆ ಮನೆಯಲ್ಲೇ ಬಿದ್ದಿದ್ದಕ್ಕೆ ದಂಡ ಕಟ್ಟುವ ಸೌಭಾಗ್ಯ ಬೇರೆ ಎಲ್ಲಿ ಸಿಗಬೇಕು?

ಹೊರಗೆ ಹೋದರೂ ಗ್ರಹಚಾರ ಬಿಡುವುದಿಲ್ಲ. ರೀಎಂಟ್ರಿ ಪರ್ಮಿಟ್ ಇಲ್ಲದೆ ಗಡಿ ದಾಟಿದರೆ ಇಡೀ ವರ್ಷದ ಅನುಮತಿ ಅಲ್ಲೇ ಸತ್ತುಹೋಗುತ್ತದೆ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿಬರಲು 3,800. ನಮ್ಮ ಕಟ್ಟಡದ ನಿವೃತ್ತ ಇಂಜಿನಿಯರ್ ಒಬ್ಬರು ಆ ಸಾವಿರ ಉಳಿಸಿದರು. ನೊಂಗ್ ಖಾಯಿಯಿಂದ ಮೆಕಾಂಗ್ ನದಿಯ ಸೇತುವೆ ದಾಟಿದರೆ ಆಚೆ ಲಾವೋಸ್. ಅಲ್ಲಿನ ರಾಜಧಾನಿ ವಿಯೆಂಟಿಯಾನ್‌ನಲ್ಲಿ ಬ್ರೆಡ್ಡು ಚೆನ್ನಾಗಿರುತ್ತೆ ಅಂತ ಯಾರೋ ಹೇಳಿದ್ದರು, ಹೋದರು. ಬ್ರೆಡ್ಡು ಚೆನ್ನಾಗಿಯೇ ಇತ್ತಂತೆ. ವಾಪಸ್ ಬರುವಾಗ ಅವರು ಬರೀ ಪ್ರವಾಸಿ. ಎಂಟು ಲಕ್ಷ ಬ್ಯಾಂಕಿನಲ್ಲಿ ಹಾಗೇ ಇತ್ತು, ಅದರ ಯಜಮಾನರು ಎಲ್ಲ ಕಾಗದ ಮೊದಲಿನಿಂದ ಶುರು ಮಾಡಿದರು.

ಲ್ಯಾಪ್‌ಟಾಪ್ ಹಿಡಿದು ಕಾಫಿ ಅಂಗಡಿಯಲ್ಲಿ ಕೂರುವ ಹುಡುಗರಿಗೆ 2024ರಲ್ಲಿ ಹೊಸ ವೀಸಾ ಬಂತು. ಐದು ವರ್ಷದ್ದು, ಒಂದು ಸಲ ಬಂದರೆ 180 ದಿನ ಇರಬಹುದು. ತೋರಿಸಬೇಕಾದ್ದು ಐದು ಲಕ್ಷ ಬಾತ್. ಮಂಡಿ ನೋವಿರುವ ನನಗೆ ಎಂಟು ಲಕ್ಷ, ಓಡಾಡುವ ಅವರಿಗೆ ಐದು. ವರ್ಷಕ್ಕೆ 80,000 ಡಾಲರ್ ಪಿಂಚಣಿ ಬರುವವರಿಗೆ ಹತ್ತು ವರ್ಷದ ವೀಸಾ ಬೇರೆ ಇದೆ. ಅಂಥವರು ನಮ್ಮ ಜೆರಾಕ್ಸ್ ಅಂಗಡಿಗೆ ಬರುವುದಿಲ್ಲ.

ನನ್ನ ಹೆಂಡತಿಗೆ ಇದ್ಯಾವುದರ ಗೊಡವೆ ಇರಲಿಲ್ಲ. ಕಾಗದದ ಮೇಲೆ ಅವಳು ನನ್ನ ಆಶ್ರಿತೆ. ಮದುವೆಯ ಪ್ರಮಾಣಪತ್ರ ಇದ್ದರೆ ಅವಳಿಗೆ ಬೇರೆ ಎಂಟು ಲಕ್ಷ ಬೇಡ. ಮನೆಯಲ್ಲಿ ಯಾರು ಯಾರ ಆಶ್ರಯದಲ್ಲಿದ್ದಾರೆ ಅನ್ನುವುದನ್ನು ಇಮಿಗ್ರೇಷನ್‌ನವರು ಕೇಳುವುದಿಲ್ಲ, ದೊಡ್ಡ ಉಪಕಾರ. ಆದರೆ ಫ್ರಿಜ್ಜಿನ ಪ್ರಕರಣ ಆದಮೇಲೆ ಅವಳು ನಿಯಮಗಳನ್ನೆಲ್ಲ ಕೂತು ಓದಿದಳು.

"ಮುಂದಿನ ವರ್ಷ ಅರ್ಜಿ ನನ್ನ ಹೆಸರಲ್ಲಿ" ಅಂದಳು. "ನನಗೂ ಐವತ್ತಾಯಿತಲ್ವಾ? ನೀವು ಆಶ್ರಿತರಾಗಿ ಬನ್ನಿ."

"ದುಡ್ಡು ನಿನ್ನೊಬ್ಬಳ ಹೆಸರಿನ ಖಾತೆಯಲ್ಲಿ ಎರಡು ತಿಂಗಳು ಮುಂಚಿನಿಂದ ಇರಬೇಕು ಕಣೇ."

"ಖಾತೆ ಆಗಲೇ ತೆರೆದಿದ್ದೀನಿ. ನಿಮ್ಮ ಫೋಟೋ ಮಾತ್ರ ಬೇಕು, ನಾಲ್ಕು ಗುಣಿಸು ಆರು ಸೆಂಟಿಮೀಟರ್. ಹಲ್ಲು ಬಿಡಬೇಡಿ."